ಲೀಟರಿಗೆ ಒಂಬತ್ತೇ ಒಂಬತ್ತು!

ನಮ್ಮ ಯಜಮಾನರು ಲಕ್ಷ್ಮೀನರಸಿಂಹ ಶುದ್ಧ ಪುಕ್ಕಲು. ಹೆಸರಿನಲ್ಲಿ ಸಿಂಹವಿದೆ, ಅಷ್ಟೇ. ಕುಕ್ಕರ್ ಕೂಗಿದರೆ ಅಡುಗೆಮನೆಯಿಂದ ಹೊರಗೆ ನಡೆಯುತ್ತಾರೆ. ಲಿಫ್ಟ್ ಬಂದು ಬಾಗಿಲು ತೆರೆದರೆ, "ನೀನು ಹೋಗು, ನಾನು ಮೆಟ್ಟಿಲು ಹತ್ತಿ ಬರ್ತೀನಿ" ಎನ್ನುತ್ತಾರೆ. ಇದು ದೂರಲ್ಲ, ಇಷ್ಟು ವರ್ಷ ಸಂಸಾರ ಮಾಡಿ ಕೊಟ್ಟ ತೀರ್ಪು. ಮೇಲ್ಮನವಿಗೆ ಅವಕಾಶವಿಲ್ಲ.

ಹೀಗಾಗಿ ನಮ್ಮ ಮನೆಯಲ್ಲಿ ಕಾರು ಓಡಿಸುವವಳು ನಾನು. ನಿವೃತ್ತಿಯವರೆಗೆ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವಳು. ವೇಗ, ಜಡತ್ವ, ಘರ್ಷಣೆ ಎಲ್ಲವೂ ನನ್ನ ಮಾತು ಕೇಳುತ್ತವೆ. ಅಂಥವಳ ಕಾರು, ದಸರಾ ಮುಗಿದದ್ದೇ ತಡ, ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುತ್ತಿದ್ದದ್ದು ಒಂಬತ್ತಕ್ಕೆ ಇಳಿದು ಕೂತಿತು!

ಶ್ರೀರಾಂಪುರದಲ್ಲಿರುವ ಮಗಳು ಬಿಂದುಶ್ರೀಗೆ ಇಷ್ಟೇ ಸಾಕಾಯಿತು.

"ಅಮ್ಮ, ಕಾರಿಗೂ ವಯಸ್ಸಾಯ್ತು, ನಿಂಗೂ ವಯಸ್ಸಾಯ್ತು. ಮಾರಿಬಿಡು. ಎಲ್ಲಿಗೆ ಹೋಗ್ಬೇಕಾದ್ರೂ ಫೋನ್ ಮಾಡು, ನಾನು ಬಂದು ಕರ್ಕೊಂಡು ಹೋಗ್ತೀನಿ."

"ನಾನೇನು ಪಾರ್ಸೆಲ್ಲಾ?"

ಅವಳು ಆಗಲೇ ಗಿರಾಕಿಯನ್ನೂ ಹುಡುಕಿದ್ದಳು. ಭಾನುವಾರ ಬಂದು ನೋಡುತ್ತಾರಂತೆ! ನನಗೆ ರೇಗಿತು. "ಭಾನುವಾರದೊಳಗೆ ಕಾರಿನ ಕಾಯಿಲೆ ಕಂಡುಹಿಡಿದು ವಾಸಿ ಮಾಡ್ತೀನಿ. ಆಗದಿದ್ರೆ ಕೀ ನಿನ್ನ ಕೈಗೆ ಕೊಟ್ಟು, ಮತ್ತೆ ಸ್ಟೀರಿಂಗ್ ಮುಟ್ಟಲ್ಲ!" ಎಂದು ಘೋಷಿಸಿಬಿಟ್ಟೆ.

ಮೊದಲು ಮಂಟಯ್ಯನ ಗ್ಯಾರೇಜು. ಆತ ಪ್ಲಗ್ಗು ಬದಲಿಸಿದ, ಏರ್ ಫಿಲ್ಟರ್ ಬದಲಿಸಿದ, ಒಂದು ಸುತ್ತು ಓಡಿಸಿಕೊಂಡು ಬಂದ.

"ಗಾಡಿ ಬೆಣ್ಣೆ ಇದ್ದಂಗದೆ ಕಣ್ರಮ್ಮ. ಏನೂ ತೊಂದ್ರೆ ಇಲ್ಲ."

"ಮತ್ತೆ ಪೆಟ್ರೋಲ್ ಎಲ್ಲಿಗೆ ಹೋಗ್ತಿದೆ?"

"ಯಾರೋ ಕುಡೀತಾವ್ರೆ ಅನ್ಬೇಕು, ಅಷ್ಟೇಯ!"

ಇನ್ನು ವಿಜ್ಞಾನವೇ ಗತಿ. ಟೈರಿಗೆ ಗಾಳಿ ತುಂಬಿಸಿದೆ. ಏಸಿ ಆರಿಸಿದೆ. ಡಿಕ್ಕಿಯಲ್ಲಿದ್ದ ಗೊಂಬೆ ಕೂರಿಸುವ ಹಲಗೆಗಳನ್ನೂ ತೆಂಗಿನಕಾಯಿ ಚೀಲವನ್ನೂ ಇಳಿಸಿದೆ. ಒಂಬತ್ತೇ! ಕೊನೆಗೆ ಒಬ್ಬಳೇ ಓಡಿಸಿ ನೋಡಿದೆ. ಹದಿನೈದು! ಮರುದಿನ ಎಂದಿನಂತೆ ಯಜಮಾನರನ್ನು ಕೂರಿಸಿಕೊಂಡು ಹೋದೆ. ಒಂಬತ್ತು! ಎರಡು ಪ್ರಯೋಗಗಳ ನಡುವೆ ಬದಲಾದದ್ದು ಒಂದೇ ವಸ್ತು, ಪಕ್ಕದ ಸೀಟಿನ ಗಂಡ.

"ರೀ, ಪೆಟ್ರೋಲ್ ಕುಡೀತಿರೋದು ನೀವು! ನಿಮ್ಮ ತೂಕ!"

"ನಾನಾ? ಕಾಫೀನೂ ಅರ್ಧ ಲೋಟ ಕುಡಿಯೋನು ಕಣೇ ನಾನು!"

ತಕ್ಕಡಿಯ ಮೇಲೆ ನಿಲ್ಲಿಸಿದೆ. ಐವತ್ತೆರಡು ಕೆ.ಜಿ. ಯಾವ ಸಮೀಕರಣಕ್ಕೂ ಒಗ್ಗದ ತೂಕ. ಆದರೂ ಸಂಜೆಯ ದೋಸೆ ನಿಲ್ಲಿಸಿದೆ. ಆಶ್ಚರ್ಯವೆಂದರೆ ಈ ಮನುಷ್ಯ ಜಗಳವಾಡಲಿಲ್ಲ. ತಪ್ಪು ಒಪ್ಪಿಕೊಂಡವರ ಹಾಗೆ ಮಜ್ಜಿಗೆ ಕುಡಿದು ಮಲಗಿದರು.

ಶನಿವಾರ ಅಂತಿಮ ಪರೀಕ್ಷೆ. ಬನ್ನಿಮಂಟಪದ ಕಡೆ ಹೊರಟೆವು. ಯಜಮಾನರು ಎಂದಿನಂತೆ ಶಲ್ಯವನ್ನು ನಮ್ಮಿಬ್ಬರ ಸೀಟಿನ ನಡುವೆ ಹರಡಿ, ಅದರಡಿಗೆ ಬಲಗೈ ತೂರಿಸಿ ಕೂತರು. ಹತ್ತಿರ ಬಸ್ಸು ಬಂದಾಗಲೆಲ್ಲ ಶಲ್ಯ ಅಲುಗುತ್ತಿತ್ತು, ತುಟಿಯೂ ಅಲುಗುತ್ತಿತ್ತು. ಕೆಲವು ದಿನಗಳಿಂದ ನಡೆದಿದ್ದ ಜಪ ಇದು. ಮಣಿ ಎಣಿಸುವ ಕೈ ಕಾಣಬಾರದು ಎಂಬ ಮಡಿ ಬೇರೆ! ನನಗೆ ದೇವರಲ್ಲಿ ನಂಬಿಕೆಯಿಲ್ಲ. ಆದರೆ ಇವರ ಬಾಯಿ ಮುಚ್ಚಿಸುವ ಶಕ್ತಿ ದೇವರಿಗಿದೆಯಲ್ಲ ಎಂದು ಸುಮ್ಮನಿದ್ದೆ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಸುಟ್ಟ ವಾಸನೆ. ರಸ್ತೆಬದಿಯಲ್ಲಿ ಹೂವು ಮಾರುತ್ತಿದ್ದ ಹೆಂಗಸು ಕೂಗಿದಳು: "ಹಿಂದ್ಗಡೆ ಚಕ್ರದಲ್ಲಿ ಒಗೆ ಬತ್ತಾ ಅದೆ, ನಿಲ್ಸ್ರವ್ವಾ!"

ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಲೆಂದು ಶಲ್ಯ ಸರಿಸಿದೆ. ಬ್ರೇಕಿನ ಮೇಲೆ ಆಗಲೇ ಒಂದು ಕೈ ಇತ್ತು! ಬ್ರೇಕೂ ಆಗಲೇ ಅರ್ಧ ಮೇಲೆದ್ದಿತ್ತು!

"ಏನ್ರೀ ಇದು?"

"ಜಪ..."

"ಹ್ಯಾಂಡ್‌ಬ್ರೇಕ್ ಹಿಡ್ಕೊಂಡು ಯಾವ ದೇವರ ಜಪ?"

"ಎಲ್ಲಾ ದೇವರದೂ ಕಣೇ. ನೀನು ಓಡಿಸೋವಾಗ ಒಬ್ಬರು ಸಾಲಲ್ಲ."

ವಿಚಾರಣೆಯಲ್ಲಿ ಎಲ್ಲ ಹೊರಬಿತ್ತು. ದಸರಾ ಗದ್ದಲದಲ್ಲಿ ಒಂದು ಟಾಂಗಾದ ಕುದುರೆ ಇವರ ಕಿಟಕಿಯೊಳಗೆ ಮುಖವಿಟ್ಟು ಉಸಿರು ಬಿಟ್ಟಿತ್ತು. ಅಂದಿನಿಂದ ಈ ವ್ರತ! "ನೀನು ಐವತ್ತು ದಾಟಿದ್ರೆ ಒಂದು ಕಟಕ್, ಬಸ್ಸನ್ನ ಓವರ್‌ಟೇಕ್ ಮಾಡಿದ್ರೆ ಎರಡು ಕಟಕ್. ಜಾಸ್ತಿ ಇಲ್ಲ. ನೀನು ನಿಲ್ಲಿಸೋದ್ರೊಳಗೆ ಇಳಿಸಿಬಿಡ್ತಿದ್ದೆ. ಅದೂ ನೀನು ಹಾರನ್ ಹೊಡೆಯೋವಾಗ ಮಾತ್ರ, ಸದ್ದು ಕೇಳಿಸ್ಬಾರ್ದು ನೋಡು."

"ಎಳೆದ್ರೆ ಮೀಟರಲ್ಲಿ ಕೆಂಪು ದೀಪ ಹತ್ತಬೇಕಲ್ಲ?"

ಹತ್ತಿಯೇ ಇತ್ತು. ಆಯುಧಪೂಜೆಯ ದಿನ ಇವರು ಮೀಟರಿನ ಗಾಜಿಗೆ ಗಂಧ ಬಳಿದು ಕಾಸಗಲ ಕುಂಕುಮವಿಟ್ಟದ್ದು ಸರಿಯಾಗಿ ಆ ದೀಪದ ಮೇಲೆ! ಕುಂಕುಮ ಕೆಂಪಗೆ ಹೊಳೆಯುವುದನ್ನು ನಾನು ದಿನವೂ ನೋಡಿದ್ದೆ. ಬೆಳಕಿನ ಪ್ರತಿಫಲನ ಎಂದು ಮನಸ್ಸಿನಲ್ಲೇ ಪಾಠವನ್ನೂ ಮಾಡಿ ಮುಗಿಸಿದ್ದೆ. ಸೂರ್ಯ ಮುಳುಗಿದ ಮೇಲೂ ಅದು ಪ್ರತಿಫಲಿಸುತ್ತಿತ್ತಲ್ಲ ಎಂದು ಯೋಚಿಸುವ ವ್ಯವಧಾನ ಈ ಪಂಡಿತೆಗೆ ಇರಲಿಲ್ಲ!

ಸಂಜೆ ಬಿಂದುಶ್ರೀಗೆ ಫೋನ್ ಮಾಡಿ, ಗಿರಾಕಿ ಬರುವುದು ಬೇಡ ಎಂದೆ. ಮಂಟಯ್ಯ ಬ್ರೇಕು ಸರಿಮಾಡಿ ಕೊಟ್ಟ. ಆಮೇಲೆ ಅಪರಾಧಿಗೆ ಶಿಕ್ಷೆ ವಿಧಿಸಿದೆ: "ಇನ್ಮೇಲೆ ನನ್ನ ಕಾರಿಗೆ ನೀವು ಹತ್ತೋ ಹಾಗಿಲ್ಲ. ಬೇಕಾದ ಕಡೆ ಆಟೋದಲ್ಲಿ ಹೋಗಿ." ಪುಕ್ಕಲಿಗೆ ಇದಕ್ಕಿಂತ ದೊಡ್ಡ ಬಿಡುಗಡೆ ಇನ್ನೇನಿದೆ? ಕುಣಿದಾಡುತ್ತಾರೆ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಮಗಳ ಮನೆಗೆ ಹೊರಟು ಕಾರು ಸ್ಟಾರ್ಟ್ ಮಾಡಿದೆ. ಎಡಗಡೆ ಬಾಗಿಲು ತೆರೆಯಿತು. ಯಜಮಾನರು ಹತ್ತಿ ಕೂತು ಬೆಲ್ಟ್ ಹಾಕಿಕೊಂಡರು. ಶಲ್ಯ ತಂದಿರಲಿಲ್ಲ.

"ಯಾಕ್ರೀ? ಭಯ ಆಗಲ್ವಾ?"

"ಆಗುತ್ತೆ. ಆದ್ರೆ ಕಾರಲ್ಲಿ ಕೂತ್ರೆ ಶ್ರೀರಾಂಪುರ ಬರೋತನಕ ಭಯ. ಮನೇಲಿ ಕೂತ್ರೆ ನೀನು ವಾಪಸ್ ಬರೋತನಕ ಭಯ. ಲೆಕ್ಕ ನಿಂಗೇ ಚೆನ್ನಾಗಿ ಬರುತ್ತಲ್ಲ, ನೀನೇ ಹೇಳು."

ನಾನು ಗೇರ್ ಹಾಕಿದೆ. ಅವರು ಬಲಗೈ ಚಾಚಿ, ಹ್ಯಾಂಡ್‌ಬ್ರೇಕನ್ನು ತಾವೇ ಪೂರ್ತಿ ಕೆಳಗಿಳಿಸಿ, ಕಣ್ಣು ಮುಚ್ಚಿಕೊಂಡು, "ಹ್ಞೂಂ, ನಡಿ" ಎಂದರು.