ಥಿನ್ನರ್ ಒರೆಸಿದ ನೂಲು

ಯಾವುದನ್ನೂ ಬಿಸಾಡಲು ಮನಸ್ಸು ಬಾರದ ಮನುಷ್ಯ ನಾನು. ಇದನ್ನು ನಾನು ಉಳಿತಾಯ ಎನ್ನುತ್ತೇನೆ. ನನ್ನ ಹೆಂಡತಿ ಶಾಂತಾ ಇದಕ್ಕೆ ಏನನ್ನುತ್ತಾಳೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಬನಹಟ್ಟಿಯಲ್ಲಿ ನಮ್ಮದು ನಾಲ್ಕು ಪವರ್‌ಲೂಮಿನ ಮನೆ. ಮಗ್ಗದಲ್ಲಿ ಉಳಿದ ತುಂಡು ನೂಲನ್ನು ನಾವು ಕಸಕ್ಕೆ ಹಾಕುವುದಿಲ್ಲ, ಬಚ್ಚಲ ಮೂಲೆಯ ಚೀಲಕ್ಕೆ ತುರುಕುತ್ತೇವೆ. ನಮಗೆಲ್ಲ ಗೀಜರ್ ನೀರು ನಡೆಯುತ್ತದೆ, ಎಂಬತ್ತರ ಅವ್ವನಿಗೆ ಮಾತ್ರ ಹಂಡೆಯ ನೀರೇ ಆಗಬೇಕು. ದಿನಾ ಹತ್ತು ಗಂಟೆಗೆ ಅವ್ವ ಆ ಚೀಲದಿಂದ ಒಂದು ಹಿಡಿ ನೂಲು ತೆಗೆದು ಒಲೆಗಿಟ್ಟು, ಅದರ ಮುಂದೆ ಬಗ್ಗಿ ಕಡ್ಡಿ ಗೀರುತ್ತಾಳೆ.

ಪೇಂಟರ್ ‘ನಾಳೆ ಬರ್ತೇನಿ’ ಎನ್ನುತ್ತಲೇ ವಾರ ಕಳೆದಿದ್ದರಿಂದ ಅಂದು ಬೆಳಿಗ್ಗೆ ಕಬ್ಬಿಣದ ಬಾಗಿಲಿಗೆ ನಾನೇ ಬಣ್ಣ ಬಳಿದೆ. ಬಾಗಿಲಿಗಿಂತ ನನ್ನ ಮೊಣಕೈಗೇ ಹೆಚ್ಚು ಹತ್ತಿತು. ನೂಲಿನ ಉಂಡೆಯನ್ನು ಬಣ್ಣ ಬಿಡಿಸುವ ಥಿನ್ನರಿನಲ್ಲಿ ಅದ್ದಿ ಅದ್ದಿ ಕೈ ಒರೆಸಿಕೊಂಡು, ಬೀಗರ ಮನೆಯ ಕಾರ್ಯಕ್ಕೆಂದು ಪಕ್ಕದ ಊರು ಚಿಮ್ಮಡದ ಆಟೋ ಹತ್ತಿದೆ.

ಅರ್ಧ ದಾರಿಯಲ್ಲಿ ಮೂಗು ತುರಿಸಿತು. ಬೆರಳಲ್ಲಿ ಥಿನ್ನರ್ ಘಾಟು. ಆ ಉಂಡೆಯನ್ನು ಎಲ್ಲಿ ಹಾಕಿದೆ ಎಂದು ಯೋಚಿಸಿದೆ. ನನ್ನ ಕೈಗೆ ಗೊತ್ತಿರುವುದು ಒಂದೇ ಜಾಗ, ಆ ಚೀಲ. ಥಿನ್ನರ್ ಎಂದರೆ ಪೆಟ್ರೋಲಿದ್ದ ಹಾಗೆ, ಕಡ್ಡಿ ತಾಗಿದರೆ ಭಗ್ಗೆನ್ನುತ್ತದೆ. ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು.

ಫೋನ್ ಮಾಡಿದೆ. ಹನ್ನೊಂದು ಸಲ ಮಾಡಿದೆ. ನಾಲ್ಕು ಮಗ್ಗ ಖಟಪಟ ಅನ್ನುವಾಗ ಶಾಂತಾಳಿಗೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸುವುದಿಲ್ಲ. ಅವ್ವನ ಹತ್ತಿರ ಫೋನೇ ಇಲ್ಲ. ಕರೆಂಟ್ ಹೋದಾಗಲೆಲ್ಲ ಶಾಪ ಹಾಕುವ ನಾನು ಅಂದು ಕರೆಂಟ್ ಹೋಗಲಪ್ಪಾ ಎಂದು ದೇವರಿಗೆ ಕೈಮುಗಿದೆ. ಅಂದೇ ಅದು ಹೋಗಲಿಲ್ಲ. ಇಳಿದು, ಎದುರು ದಿಕ್ಕಿನ ಆಟೋ ಹಿಡಿದೆ. ಇನ್ನೊಬ್ಬರು ಬಂದು ಸೀಟು ತುಂಬಲಿ ಎಂದು ಚಾಲಕ ಆರಾಮಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. “ಅಣ್ಣಾ, ನಮ್ಮವ್ವ ಸುಟ್ಟಕೊಂತಾಳೋ,” ಎಂದೆ. ಅವನು ಎಲೆ ಎಸೆದು ಗಾಡಿ ಬಿಟ್ಟ. ದಾರಿಯುದ್ದಕ್ಕೂ ಅವ್ವನ ನೂಲಿನ ಸೀರೆಯ ಸೆರಗೇ ಕಣ್ಣ ಮುಂದೆ ಬರುತ್ತಿತ್ತು. ನಿಜಕ್ಕೂ ಹೆದರಿದ್ದೆ.

ಮನೆ ಮುಟ್ಟಿದಾಗ ಹತ್ತು ಹೊಡೆದು ಐದು ನಿಮಿಷ. ಬಚ್ಚಲ ಕಿಂಡಿಯಿಂದ ಹೊಗೆ ಬರುತ್ತಿತ್ತು. ಚಪ್ಪಲಿ ಸಮೇತ ಒಳಗೆ ನುಗ್ಗಿದೆ. ಅವ್ವ ಒಲೆಯ ಮುಂದೆ ಕೂತು ಕಟ್ಟಿಗೆ ಸರಿಮಾಡುತ್ತಿದ್ದಳು. ಚಪ್ಪಲಿ ಹೊರಗೆ ಬಿಡಲು ಹೇಳಿದಳು, ಅಷ್ಟೇ.

ಚೀಲ ಅಲ್ಲಿರಲಿಲ್ಲ. ಅಂಗಳದಲ್ಲಿ, ಮನೆಯಿಂದ ದೂರ, ನೀರು ತುಂಬಿದ ಡಬ್ಬಿಯಲ್ಲಿ ನನ್ನ ಉಂಡೆ ಮುಳುಗಿತ್ತು. ಚೀಲದಲ್ಲಿ ಅದರ ಜೊತೆಗಿದ್ದ ನೂಲೂ ಮುಳುಗಿತ್ತು. ಥಿನ್ನರ್ ಬಾಟಲಿಗೆ ಬಿಗಿಯಾಗಿ ಮುಚ್ಚಳ ಬಿದ್ದಿತ್ತು. ಹೇಗೆ ತಿಳಿಯಿತು ಎಂದು ಶಾಂತಾಳನ್ನು ಕೇಳಿದೆ. ಅವಳು ಮಗ್ಗ ನಿಲ್ಲಿಸಿದಳು.

“ನೀವು ಏನರ ಕೆಲಸಾ ಮಾಡಿ ಹೋದ್ರ, ನಿಮ್ಮ ಹಿಂದ ಒಂದ್ ಸಲ ಎಲ್ಲಾ ನೋಡಕೊಂಡ ಬರತೇನ್ರಿ. ಲಗ್ನ ಆದಾಗಿಂದ ಹಂಗ ಮಾಡಾಕತ್ತೇನಿ.”

ಇವಳಿಗೆ ನನ್ನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ ಎಂದು ಇನ್ನಾರಾದರೂ ಹೇಳಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಅಂದು ಮಾತ್ರ ಆ ಅಪನಂಬಿಕೆಗೆ ಮನಸ್ಸಿನಲ್ಲೇ ಅಡ್ಡಬಿದ್ದು, ಚಪ್ಪಲಿ ಹೊರಗೆ ಬಿಟ್ಟು ಬಂದೆ.