ನಾನೂ ಹೆಲ್ಮೆಟ್ ಮೌಲ್ಯಮಾಪನವೂ

ಊರವರ ತಪ್ಪು ಹುಡುಕುವ ಕೆಲಸ ಅಧಿಕೃತವಾಗಿ ಸಿಕ್ಕಿಬಿಟ್ಟರೆ ಎಂಥ ಸಾಧುವಿನ ನಡಿಗೆಯೂ ಬದಲಾಗುತ್ತದೆ. ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವವನು. ಬೈಕ್ ಸವಾರರ ಸುರಕ್ಷತೆಗೆಂದು ಸರ್ಕಾರ ಮಾಡಿದ ಜಾಥಾ, ಭಾಷಣ, ಪುಕ್ಕಟೆ ಹೆಲ್ಮೆಟ್‌ಗಳಿಂದ ಏನಾದರೂ ಪ್ರಯೋಜನವಾಯಿತೇ ನೋಡಿ ವರದಿ ಕೊಡಿ ಎಂದು ಸಾರಿಗೆ ಇಲಾಖೆಯ ಸಾಹೇಬರು ನನಗೆ ಹೇಳಿದರು. ಅಂದಿನಿಂದ ಪಾರ್ವತಿನಗರದಲ್ಲಿ ಹಾಲು ತರಲು ಹೋದರೂ ನಾನು ಜನರ ಮುಖ ನೋಡುತ್ತಿರಲಿಲ್ಲ, ತಲೆ ನೋಡುತ್ತಿದ್ದೆ.

ಹೆಂಡತಿಯ ತಮ್ಮ ವೀರೇಶನ ಬೈಕಿನ ಹಿಂದೆ ಕೂತು ಮೊದಲು ಕುರುಗೋಡಿಗೆ ಹೋದೆ. ಚಹಾದಂಗಡಿ ಮುಂದೆ ಬರಿತಲೆಯಲ್ಲಿ ಬೈಕ್ ಇಳಿದ ಪಂಪಣ್ಣ ಎಂಬವರನ್ನು ಹಿಡಿದೆ.

"ನಿಮಗ ಹೆಲ್ಮೆಟ್ ಕೊಟ್ಟಿಲ್ಲೇನ್ರಿ?"

"ಕೊಟ್ಟಾರ್ರಿ. ಭಾಳ ಚಲೋ ಐತ್ರಿ. ತಿಜೋರ್ಯಾಗ ಇಟ್ಟೀನಿ. ಹೊರಗ ಹಾಕ್ಕೊಂಡು ತಿರುಗಿದ್ರ ಗೀರು ಬೀಳ್ತಾವು."

"ತಲೀಗೆ ಗೀರು ಬಿದ್ರ?"

"ತಲೀದೇನ್ರಿ, ಅದು ಹಳೀದು."

ಈ ಉತ್ತರದಿಂದ ನನಗೆ ಜನರ ಅಜ್ಞಾನದ ಮೇಲೆ ಬಹಳ ಕನಿಕರ ಹುಟ್ಟಿತು. ಅಲ್ಲಿಂದ ಸಿರುಗುಪ್ಪದ ದಾರಿಯುದ್ದಕ್ಕೂ ವೀರೇಶನಿಗೆ ಹಿಂದಿನಿಂದ ಉಪನ್ಯಾಸ ಕೊಡುತ್ತ ಹೋದೆ. ಗದ್ದವನ್ನು ಕಡಿಯುತ್ತದೆಂದು ನನ್ನ ಹೆಲ್ಮೆಟ್ಟಿನ ಬಕಲ್ ಮಾತ್ರ ಹಾಕಿರಲಿಲ್ಲ.

"ಮಾವಾ, ಸ್ವಲ್ಪ ಸುಮ್ಕಿರ್ರಿ, ಮುಂದ ನೆಲ್ಲು ಹಾಕ್ಯಾರ" ಎಂದ ವೀರೇಶ. ಅಷ್ಟರಲ್ಲಿ ರಸ್ತೆಯಲ್ಲಿ ಒಣಹಾಕಿದ್ದ ಭತ್ತದ ಮೇಲೆ ಬೈಕ್ ಜಾರಿತು. ಅವನ ಹೆಲ್ಮೆಟ್ ಡಾಂಬರಿಗೆ ಉಜ್ಜಿ ಗೀರು ಬಿತ್ತು, ತಲೆಗೆ ಏನೂ ಆಗಲಿಲ್ಲ. ನನ್ನದು ನಾನು ಬೀಳುವ ಮೊದಲೇ ಹಾರಿಹೋಯಿತು. ಹಣೆ ಊದಿಸಿಕೊಂಡು ಎದ್ದು ನೋಡಿದರೆ, ತಲೆ ಬಿದ್ದಿದ್ದ ಜಾಗದಿಂದ ಗೇಣು ದೂರದಲ್ಲಿ ಚೂಪಾದ ಕಲ್ಲು. ಅಲ್ಲೇ ಕೂತೆ.

ಭತ್ತ ಕೆದರುತ್ತಿದ್ದ ಅಜ್ಜಿ ಓಡಿಬಂದು, "ಅಯ್ಯ ನನ್ನಪ್ಪ, ಜೀವ ಐತೇನು?" ಎಂದಳು. ಇದೆ ಎಂದು ಖಾತ್ರಿಯಾದ ಮೇಲೆ, "ನೆಲ್ಲೆಲ್ಲ ಚೆಲ್ಲಾಡಿದ್ರಲ್ಲೋ! ನಿನ್ನ ಟೋಪಿ ನೋಡು, ಕಾಲುವ್ಯಾಗ ಹೊಂಟೈತಿ" ಎಂದಳು.

ಮನೆಯಲ್ಲಿ ಹೆಂಡತಿ ಶಶಿಕಲಾ ಮೊದಲು ತಮ್ಮನ ಹೆಲ್ಮೆಟ್ಟಿನ ಗೀರು ನೋಡಿದಳು, ಆಮೇಲೆ ನನ್ನ ಹಣೆ. ಬೈಯುತ್ತಾಳೆಂದುಕೊಂಡಿದ್ದೆ, ಅತ್ತುಬಿಟ್ಟಳು. ಮರುದಿನವೇ ಮುಖ ಪೂರ್ತಿ ಮುಚ್ಚುವ ಹೊಸ ಹೆಲ್ಮೆಟ್ ತಂದಳು. ಈಗ ನಾನು ಮನೆ ಬಿಡುವಾಗ, ಬೀದಿಯವರೆಲ್ಲ ನೋಡುತ್ತಿರುವಾಗಲೇ, ಅವಳೇ ಬಕಲ್ ಹಾಕಿ ಎರಡು ಸಲ ಜಗ್ಗಿ ನೋಡುತ್ತಾಳೆ.

ವರದಿ ಕೊಡಲು ಹೋದ ದಿನ ಸಾಹೇಬರು ನನ್ನನ್ನು ಕಂಡು ಎದ್ದೇ ನಿಂತರು. "ನೋಡ್ರಿ, ಮೌಲ್ಯಮಾಪಕರಂದ್ರ ಹಿಂಗಿರಬೇಕು! ಆಫೀಸಿನ ಒಳಗೂ ಹೆಲ್ಮೆಟ್ ತಗದಿಲ್ಲ" ಎಂದು ಸಿಬ್ಬಂದಿಯನ್ನೆಲ್ಲ ಕರೆದು ತೋರಿಸಿದರು. ಆ ಬಕಲ್ ಬಿಚ್ಚುವ ಉಪಾಯ ಶಶಿಕಲಾಗೆ ಮಾತ್ರ ಗೊತ್ತು ಎಂದು ನಾನು ಹೇಳಲಿಲ್ಲ. ಗಂಭೀರವಾಗಿ ತಲೆಯಾಡಿಸಿ, ತರಿಸಿದ ಚಹಾ ಬೇಡವೆಂದೆ.