ದೊಡ್ಡಪ್ಪನ ದಂಡಯಾತ್ರೆ

ನಮ್ಮ ದೊಡ್ಡಪ್ಪ ಒಂದು ದಿನವೂ ಸೈನ್ಯದಲ್ಲಿ ಇದ್ದವರಲ್ಲ. ಬಂದೂಕು ಮುಟ್ಟಿದವರಲ್ಲ. ದೀಪಾವಳಿಯ ಪಟಾಕಿಗೂ ಕಿವಿ ಮುಚ್ಚಿಕೊಳ್ಳುವ ಜೀವ. ಆದರೂ ಹಾಸನ ಜಿಲ್ಲೆಯಲ್ಲಿ ಅವರಷ್ಟು ಕಚೇರಿಗಳಿಗೆ ಮುತ್ತಿಗೆ ಹಾಕಿದ ಯೋಧ ಇನ್ನೊಬ್ಬನಿಲ್ಲ! ಬೇಕಾದರೆ ಆ ಕಾಲದ ಗುಮಾಸ್ತರನ್ನು ಕೇಳಿ. ಇವರ ಕೊಡೆ ಗೇಟಿನ ಬಳಿ ಕಂಡರೆ ಸಾಕು, ಒಬ್ಬರು ಊಟಕ್ಕೆ ಹೋಗಿರುತ್ತಿದ್ದರು, ಇನ್ನೊಬ್ಬರು ರಜೆಯ ಮೇಲಿರುತ್ತಿದ್ದರು, ಮೂರನೆಯವರು ಬಿದ್ದ ಪೆನ್ಸಿಲನ್ನು ಮೇಜಿನ ಕೆಳಗೆ ಅರ್ಧ ಗಂಟೆ ಹುಡುಕುತ್ತಿದ್ದರು.

ದೊಡ್ಡಪ್ಪ ಎಂದರೆ ನನ್ನ ತಾಯಿಯ ಅಕ್ಕನ ಗಂಡ. ಅರಕಲಗೂಡಿನಲ್ಲಿ ಅವರಿಗೆ ಒಂದಿಷ್ಟು ಹೊಲ, ಎರಡು ಎತ್ತು, ಒಬ್ಬ ಹೆಂಡತಿ. ಈ ಪೈಕಿ ಅವರ ಮಾತು ಕೇಳುತ್ತಿದ್ದದ್ದು ಎತ್ತುಗಳು ಮಾತ್ರ. ಅವೂ ಹಿಂಡಿ ಇಟ್ಟಾಗ. ಅವರ ತಂದೆ, ಇವರಿನ್ನೂ ಹುಟ್ಟುವ ಮೊದಲೇ, ಮೊದಲನೇ ಮಹಾಯುದ್ಧದ ಕಾಲಕ್ಕೆ ಮಹಾರಾಜರ ಕುದುರೆ ಪಡೆ ಸೇರಿ ಹಡಗು ಹತ್ತಿದವರು ಹಿಂತಿರುಗಲಿಲ್ಲವಂತೆ. ತಾಯಿಗೆ ಯುದ್ಧದ ಪಿಂಚಣಿ ಬರುತ್ತಿತ್ತಂತೆ. ಇವರಿಗೆ ಹತ್ತು ತುಂಬುವಷ್ಟರಲ್ಲಿ ಆ ತಾಯಿಯೂ ಹೋದರು. ಉಳಿದದ್ದು ಈ ‘ಅಂತೆ’ಗಳು. ಒಂದು ಪಟವಿಲ್ಲ, ಪದಕವಿಲ್ಲ, ಚೂರು ಕಾಗದವಿಲ್ಲ. ಊರಿನವರು ಬಿಟ್ಟಾರೆಯೇ? ಅಂಗಡಿ ಜಗಲಿಯ ಮೇಲೆ, ದೊಡ್ಡಪ್ಪನ ಎದುರಿಗೇ, “ಯುದ್ಧಾನೂ ಇಲ್ಲ, ಗಿದ್ಧಾನೂ ಇಲ್ಲ. ನಾಟಕದ ಕಂಪನಿ ಇಂದೆ ಓಡೋದ ಕಣ್ಲಾ ಅವ್ನು!” ಎಂದು ನಗುತ್ತಿದ್ದರು. ಆ ನಗೆಯ ಬಾಯಿ ಮುಚ್ಚಿಸಲು ಅಪ್ಪನ ಹೆಸರಿರುವ ಒಂದು ಸರ್ಕಾರಿ ಕಾಗದ ಬೇಕಿತ್ತು ದೊಡ್ಡಪ್ಪನಿಗೆ.

ಕಾಗದ ಸಿಗುವ ತನಕ ಸುಮ್ಮನಿದ್ದರೇ? ಮನೆಯನ್ನೇ ಪಾಳೆಯ ಮಾಡಿದರು. ಬಲಗಡೆಯ ಎತ್ತಿಗೆ ಜಮೇದಾರ, ಎಡಗಡೆಯದಕ್ಕೆ ಹವಾಲ್ದಾರ ಎಂದು ಹೆಸರಿಟ್ಟರು. ಜಮೇದಾರನಿಗೆ ಒಂದು ಹಿಡಿ ಹುರುಳಿ ಹೆಚ್ಚು, ಪದವಿಯಲ್ಲಿ ದೊಡ್ಡವನು ನೋಡಿ! ದೊಡ್ಡಮ್ಮನಿಗೂ ಒಂದು ಪದವಿ ಕೊಡಲು ಹೋದರು. ಅವಳು ಒಲೆ ಊದುತ್ತಲೇ, “ಪದ್ವಿ ಬ್ಯಾಡ, ಎರಡು ಸೌದೆ ಸೀಳ್ಕೊಡಿ” ಎಂದಳು.

ಐವತ್ತರ ದಶಕದ ಕೊನೆಗೆ ನನಗೆ ಹೊಳೆನರಸೀಪುರದಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಅಭಿನಂದಿಸಲು ಬಂದವರ ಪೈಕಿ ದೊಡ್ಡಪ್ಪನೇ ಮೊದಲಿಗರು. ಕೈಯಲ್ಲಿ ಬಾಳೆಹಣ್ಣು, ಕಂಕುಳಲ್ಲಿ ಒಂದು ದಸ್ತು ಬಿಳಿ ಕಾಗದ! ಅಂದಿನಿಂದ ನಾನು ಅವರ ಅರ್ಜಿ ಬರೆಯುವ ಆಳಾದೆ. ಪಿಂಚಣಿ ಹಂಚುವ ಅರಕಲಗೂಡಿನ ಖಜಾನೆಯಲ್ಲಿ ಏನೂ ಸಿಕ್ಕಿರಲಿಲ್ಲ. ಹಾಗಾಗಿ ನಮ್ಮ ಮುಂದಿನ ಮುತ್ತಿಗೆ ಹೊಳೆನರಸೀಪುರದ ಮೇಲೆ.

“ನಿಮ್ಮ ತಂದೆ ಯಾವ ಪಡೆಯಲ್ಲಿದ್ರು?” ಎಂದು ಅಲ್ಲಿನ ಖಜಾನೆಯ ಗುಮಾಸ್ತರು ಕೇಳಿದರು.

“ಗೆದ್ದ ಪಡೆ ಸಾ!”

“ಅದಲ್ರೀ, ಯಾವ ಊರಲ್ಲಿ ಯುದ್ಧ ಮಾಡಿದ್ರು?”

“ಅದು ಗೊತ್ತಿದ್ರೆ ಅಲ್ಲಿಗೇ ಓಗಿ ಕೇಳ್ತಿರ್ಲಿಲ್ವಾ ಸಾ? ನಿಮ್ಮತ್ರ ಯಾಕೆ ಬರ್ತಿದ್ದೆ?”

ಗುಮಾಸ್ತರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಗಡಿಯಾರ ನೋಡಿದೆ.

ಅಲ್ಲಿಂದ ಹಾಸನ. ದೊಡ್ಡ ಊರು, ದೊಡ್ಡ ಕಚೇರಿ, ಆದ್ದರಿಂದ ಪ್ರಶ್ನೆಯೂ ದೊಡ್ಡದೇ. ತಂದೆ ತೀರಿಕೊಂಡದ್ದಕ್ಕೆ ದಾಖಲೆ ತನ್ನಿ, ಆಮೇಲೆ ಅವರು ಇದ್ದದ್ದಕ್ಕೆ ದಾಖಲೆ ಹುಡುಕುತ್ತೇವೆ ಎಂದರು. ಎಂಥ ಘನ ನ್ಯಾಯ! ಆರು ಸಲ ಅಲೆದ ಮೇಲೆ, ನಮ್ಮ ಕಾಟ ತಾಳಲಾರದೆ, ಒಬ್ಬ ಪುಣ್ಯಾತ್ಮ ಹಳೆಯ ಪುಸ್ತಕ ತೆಗೆದು ಒಂದು ಹೆಸರು ತೋರಿಸಿದ. ಅದೇ ಹೆಸರು, ಅದೇ ಕುದುರೆ ಪಡೆ. ಊರು ಮಾತ್ರ ದೊಡ್ಡಗದ್ದವಳ್ಳಿ. ಇನ್ನೂ ಬದುಕಿರುವ ಪಿಂಚಣಿದಾರ!

“ಊರು ತಪ್ಪಾಗಿ ಬರ್ದವ್ರೆ ಅಷ್ಟೇಯ” ಎಂದು ದೊಡ್ಡಪ್ಪ ತೀರ್ಪು ಕೊಟ್ಟರು. “ತಲೆಗೆ ಪೆಟ್ಟು ಬಿದ್ದು ಊರು ಮರ್ತೋಗಿರ್ಬೇಕು.”

ಹೋದೆವು. ಮುದುಕರೊಬ್ಬರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ದೊಡ್ಡಪ್ಪ ಹಿಂದುಮುಂದು ನೋಡದೆ ಅವರ ಕಾಲಿಗೆ ಬಿದ್ದು, “ಅಪ್ಪಾ!” ಎಂದರು. ಮುದುಕರು ಒಂದಿಷ್ಟೂ ಗಾಬರಿಯಾಗಲಿಲ್ಲ. ಪೂರ್ತಿ ಕಥೆ ಕೇಳಿ, “ನಂಗೆ ಮೂರೂ ಎಣ್ಣು ಕಣಪ್ಪ. ದಂಡಿಂದ ಬಂದ್ಮೇಲೇನೇ ಮದ್ವೆ ಆಗಿದ್ದು. ಆದ್ರೂ ಮಗ ಅಂತ ಬಂದಿದ್ದೀಯ, ಬ್ಯಾಡ ಅನ್ನಕಾಯ್ತದಾ? ಇರು, ನಾಳೀಕೆ ರಾಗಿ ಕುಯ್ಯಾಕೆ ಆಳಿಲ್ಲ” ಎಂದರು.

ದೊಡ್ಡಪ್ಪ ಎರಡು ದಿನ ನಿಂತು ರಾಗಿ ಕುಯ್ದು ಬಂದರು! ಮಿಲಿಟರಿಯವರ ಅಪ್ಪಣೆ ಮೀರಬಾರದಂತೆ.

ಕೈ ತುಂಬ ಬೊಬ್ಬೆ ಎಬ್ಬಿಸಿಕೊಂಡು ಬಂದ ಗಂಡನಿಗೆ ದೊಡ್ಡಮ್ಮ ಎಣ್ಣೆ ಸವರುತ್ತ ಕೇಳಿದಳು: “ಅಲ್ಲಾ, ನಿಮ್ಮಪ್ಪ ದಂಡಿಗೋದಾಗ ನಿಮ್ಮವ್ವ ಬಸುರಿ ತಾನೆ?”

“ಊಂ.”

“ಚೊಚ್ಚಲು ತಾನೆ?”

“ಊಂ.”

“ಚೊಚ್ಚಲ ಬಸುರಿ ಎಲ್ಲಿರ್ತಾಳೆ? ತವರಲ್ಲಿ. ನಿಮ್ಮವ್ವನ ತವರು ಚನ್ರಾಯಪಟ್ಣ. ಗಂಡ ಸತ್ತ ಸುದ್ದಿ ಬಂದಾಗ ಅಲ್ಲೇ ಬಾಣಂತಿ. ಪಿಂಚಣಿಗೆ ಎಬ್ಬೆಟ್ಟು ಒತ್ತಿದ್ರೆ ಅಲ್ಲೇ ಒತ್ತಿರ್ಬೇಕು. ನೀವಿಬ್ರೂ ಮೂರು ವರ್ಷದಿಂದ ಎಲ್ಲೆಲ್ಲಿ ಉಡುಕ್ತಿದ್ದೀರಿ?”

ಜಿಲ್ಲೆಯ ಭೂಪಟವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಮೇಷ್ಟ್ರು ನಾನು!

ಹಾಸನದಿಂದ ಶಾಂತಿಗ್ರಾಮದ ಮೇಲೆ ಬಸ್ಸು ಹಿಡಿದು ಚನ್ನರಾಯಪಟ್ಟಣಕ್ಕೆ ಹೋದೆವು. ಅಲ್ಲಿನ ಖಜಾನೆಯ ಹಿರಿಯ ಗುಮಾಸ್ತರು ನಮ್ಮನ್ನು ಬೆಂಚಿನ ಮೇಲೆ ಕೂರಿಸಿ, ಕೆಂಪು ಬಟ್ಟೆಯ ಗಂಟೊಂದನ್ನು ಕೆಳಗಿಳಿಸಿ, ಧೂಳು ಕೊಡವಿದರು. ಒಂದೇ ಗಂಟೆಯೊಳಗೆ ಕಡತ ಸಿಕ್ಕಿತು! ದೊಡ್ಡಪ್ಪನ ತಂದೆಯ ಹೆಸರು, ತಾಯಿಯ ಹೆಸರು, ತಾಯಿಯ ಹೆಬ್ಬೆಟ್ಟು.

ಗುಮಾಸ್ತರು ಓದಿದರು. “ಕುದುರೆ ಪಡೆ. ಕೆಲಸ, ಸೈಸ. ಹೊರದೇಶದಲ್ಲಿ ಜ್ವರದಿಂದ ಮೃತ.”

ಸೈಸ ಎಂದರೆ ಕುದುರೆಯ ಮೈ ತಿಕ್ಕಿ ಹುಲ್ಲು ಹಾಕುವವನು. ಮೂರು ವರ್ಷ ನಮ್ಮನ್ನು ಕುಣಿಸಿದ ವೀರ ಪರಂಪರೆ ಹುಲ್ಲಿನ ಹೊರೆ ಹೊತ್ತಿತ್ತು! ನನಗೆ ನಗು ತಡೆಯಲಾಗಲಿಲ್ಲ. ವಾಪಸು ಬಸ್ಸಿನಲ್ಲಿ ಏನೇನು ಹೇಳಿ ರೇಗಿಸಬೇಕೆಂದು ಆಗಲೇ ಯೋಚಿಸತೊಡಗಿದ್ದೆ.

ದೊಡ್ಡಪ್ಪನಿಗೆ ಅದು ಕೇಳಿಸಿದಂತೆಯೇ ಇರಲಿಲ್ಲ. “ಮುಂದಕ್ಕೆ ಓದಿ ಸಾ” ಎಂದರು.

ಗುಮಾಸ್ತರು ಹಾಳೆ ತಿರುಗಿಸಿದರು. ಪಡೆಗೆ ಸೇರಿಸಿಕೊಳ್ಳುವಾಗ ಗುರುತಿಗೆಂದು ಬರೆದ ಚಹರೆ ಪಟ್ಟಿ. “ಎತ್ತರ ಐದು ಅಡಿ ನಾಲ್ಕು ಅಂಗುಲ. ಮೈಬಣ್ಣ ಎಣ್ಣೆಗೆಂಪು. ಎಡಗಿವಿಯ ಹಿಂದೆ ಕಪ್ಪು ಮಚ್ಚೆ.”

“ಇನ್ನೊಂದ್ಸಲ ಓದಿ ಸಾ.”

ಅವರು ಮತ್ತೆ ಓದಿದರು. ದೊಡ್ಡಪ್ಪ ನನ್ನ ಕಡೆ ತಿರುಗಿದರು.

“ನಮ್ಮವ್ವ ನನ್ ತಲೆಗೆ ಎಣ್ಣೆ ಅಚ್ಚೋವಾಗ ಎಡಗಿವಿ ಇಂದಕ್ಕೆ ಬಂದ್ರೆ ಕೈ ನಿಲ್ಲುಸ್ಬುಡೋಳು ಕಣ್ಲಾ. ಅಲ್ಲೇ ಬೆರಳಿಟ್ಕಂಡು ಸುಮ್ಕೆ ಕುಂತಿರೋಳು. ‘ಬಿರ್‍ರನೆ ಅಚ್ಚವ್ವ, ಆಡಾಕೆ ಓಗ್ಬೇಕು’ ಅಂತ ಬಯ್ತಿದ್ದೆ ನಾನು.”

ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ತಲೆ ಬಗ್ಗಿಸಿ, ಎಡಗಿವಿಯನ್ನು ಮಡಚಿ ಹಿಡಿದರು.

“ನಂಗೆ ಕಾಣಾಕಿಲ್ಲ. ನೋಡ್ಲಾ ಮಗ, ಐತಾ?”

ಇತ್ತು. ನರೆತ ಕೂದಲಿನ ಅಂಚಿನಲ್ಲಿ, ಕಡಲೆಬೇಳೆಯಷ್ಟು. ಬಾಯಲ್ಲಿ ಸಿದ್ಧವಾಗಿದ್ದ ಕುಚೋದ್ಯವೆಲ್ಲ ಎಲ್ಲಿ ಅಡಗಿತೋ, ನನಗೆ ಅಳು ಬಂದುಬಿಟ್ಟಿತು. ಬೆರಳಿಟ್ಟು ತೋರಿಸಿದೆ. “ಐತೆ ದೊಡ್ಡಪ್ಪ. ಇಲ್ಲೇ.”

ದೊಡ್ಡಪ್ಪ ತಮ್ಮ ಒರಟು ಬೆರಳನ್ನು ನನ್ನ ಬೆರಳಿನ ಪಕ್ಕಕ್ಕೆ ತಂದು, ಆ ಜಾಗವನ್ನು ಮುಟ್ಟಿ, ಹಾಗೆಯೇ ಕುಳಿತರು.

ಕಾಗದದ ನಕಲು ಬೇಕಾದರೆ ಒಂದು ಅರ್ಜಿ ಬರೆದುಕೊಡಿ ಎಂದು ಗುಮಾಸ್ತರು ಮೆಲ್ಲಗೆ ಹೇಳಿದರು. ನಾನು ಪೆನ್ನಿಗಾಗಿ ಜೇಬು ತಡಕಿದೆ.

“ಬ್ಯಾಡಿ ಸಾ” ಎಂದರು ದೊಡ್ಡಪ್ಪ, ಬೆರಳು ತೆಗೆಯದೆಯೇ. “ನನ್ನತ್ರಾನೇ ಐತೆ.”